ಹಳೆ ಮಿಲಿಟರಿ ಹೆಲ್ಮೆಟ್: ಮೊದಲು ಒಳಗೆ ನೋಡಿ, ಆಮೇಲೆ ಬೆಲೆ ಮಾತಾಡಿ

ಹಳೆ ಮಿಲಿಟರಿ ಹೆಲ್ಮೆಟ್ ಯಾರಾದರೂ ಕೈಗೆ ಕೊಟ್ಟರೆ ನಾನು ಮೊದಲು ಅದನ್ನು ಅಂಗಾತ ಮಾಡುತ್ತೇನೆ. ಹೊರಗಿನ ಬಣ್ಣ, ಲಾಂಛನ, ಗುಂಡು ತಾಗಿದ ಗುರುತು ಎಲ್ಲ ಆಮೇಲೆ. ಮೊದಲು ಒಳಗಿನ ಚರ್ಮ, ದಾರ, ರಿವೆಟ್, ಸ್ಕ್ರೂ, ಅಂಚಿನ ಕೆಳಗೆ ಒತ್ತಿರುವ ಅಚ್ಚು. ಮೋಸ ಮಾಡುವವನು ಜನ ನೋಡುವ ಜಾಗಕ್ಕೆ ಜಾಸ್ತಿ ಕೆಲಸ ಹಾಕಿರುತ್ತಾನೆ. ಒಳಗಡೆ ಅಷ್ಟು ತಾಳ್ಮೆ ಇರಲ್ಲ.

ನನ್ನದು ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಒಂದು ಟಿಂಕರಿಂಗ್, ಪೇಂಟಿಂಗ್ ಶೆಡ್. 26 ವರ್ಷದಿಂದ ಗುದ್ದಿದ ಕಾರು, ತುಕ್ಕು ತಿಂದ ಬಾಗಿಲು, ಬಿಸಿಲಿಗೆ ಸುಟ್ಟ ಬಾನೆಟ್ ಇವೇ ನನ್ನ ಅನ್ನ. ತಗಡು ಹೇಗೆ ಬಾಗುತ್ತದೆ, ಬಣ್ಣಕ್ಕೆ ಹೇಗೆ ವಯಸ್ಸಾಗುತ್ತದೆ ಅನ್ನೋದು ಕೈಗೆ ಗೊತ್ತು. ನಮ್ಮಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹೋಗಿ ಬಂದವರು. ಅವರ ಹೆಲ್ಮೆಟ್ ಮನೆಯಲ್ಲೇ ಇತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಯಾರೋ ಅದನ್ನು ಗುಜರಿಗೆ ಹಾಕಿಬಿಟ್ಟರು. ಆ ಸಂಕಟದಿಂದಲೇ ಈ ಹುಡುಕಾಟ ಶುರುವಾಯಿತು. ಈಗ ನನ್ನ ಹತ್ತಿರ ಹನ್ನೊಂದು ಹೆಲ್ಮೆಟ್ ಇವೆ.

ಮೊದಲನೆಯದರಲ್ಲೇ ನಾನು ಮೋಸ ಹೋದೆ. 2013ರಲ್ಲಿ ಬೆಂಗಳೂರಿನ ಒಬ್ಬ ವ್ಯಾಪಾರಿ 'ಜರ್ಮನ್ ಸೇನೆಯದು, 1942ರದ್ದು' ಅಂತ ಒಂದನ್ನು 18,000 ರೂಪಾಯಿಗೆ ಕೊಟ್ಟ. ಅಂಗಡಿಯಲ್ಲಿ ಹಳದಿ ಬಲ್ಬು. ಪಕ್ಕದಲ್ಲಿ ಹದ್ದಿನ ಲಾಂಛನ ಚೆನ್ನಾಗಿ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಮಾರನೇ ದಿನ ಶೆಡ್ಡಿನಲ್ಲಿ ಬಿಸಿಲಿಗೆ ಹಿಡಿದು ಹಣೆಯ ಭಾಗದ ಮೇಲೆ ಹೆಬ್ಬೆರಳು ಆಡಿಸಿದೆ. ಒಂದು ಕಡೆ ಸಣ್ಣ ತಗ್ಗು. ಗ್ರೈಂಡರ್ ಆಡಿಸಿ ಮೇಲೆ ಪುಟ್ಟಿ ಹಚ್ಚಿದ ಜಾಗ! ದಿನಾ ನಾನೇ ಮಾಡೋ ಕೆಲಸ, ಬೆರಳಿಗೆ ಗೊತ್ತಾಗದೇ ಇರುತ್ತಾ? ಅದು ಸ್ಪೇನ್ ಸೇನೆಯ ಹೆಲ್ಮೆಟ್. ಆಕಾರ ಹೆಚ್ಚು ಕಡಿಮೆ ಜರ್ಮನ್ ಥರವೇ. ಆದರೆ ಮುಂದುಗಡೆ ಬ್ಯಾಡ್ಜ್ ಸಿಕ್ಕಿಸಲು ಒಂದು ಸಣ್ಣ ಪಟ್ಟಿ ಇರುತ್ತದೆ. ಅದನ್ನು ಉಜ್ಜಿ ತೆಗೆದು, ಬಣ್ಣ ಹೊಡೆದು, ಲಾಂಛನ ಅಂಟಿಸಿದ್ದರು. ಹೆಲ್ಮೆಟ್ ಹಳೆಯದೇ, ಮಿಲಿಟರಿಯದೇ. ಹೆಸರು ಮಾತ್ರ ಸುಳ್ಳು. ವಾಪಸ್ ತೆಗೆದುಕೊಂಡು ಹೋದರೆ ಆತ ಕೈ ಎತ್ತಿಬಿಟ್ಟ. ಬರೆದುಕೊಟ್ಟ ಚೀಟಿಯಲ್ಲಿ 'ಹಳೆ ಹೆಲ್ಮೆಟ್ 1' ಅಂತ ಮಾತ್ರ ಇತ್ತು.

ಹಾಗಾಗಿ ನಿಮಗೆ ಮೊದಲೇ ಹೇಳುತ್ತೇನೆ. ಬಿಲ್ಲಿನಲ್ಲಿ ಯಾವ ದೇಶ, ಯಾವ ಮಾದರಿ, ಯಾವ ಕಾಲ, ಮೂಲ ಬಣ್ಣವೋ ಅಲ್ಲವೋ ಅಂತ ಬರೆಸಿ. ಬರೆಯಲು ಹಿಂದೆಮುಂದೆ ನೋಡುವವರ ಹತ್ತಿರ ದುಬಾರಿ ಮಾಲು ಬೇಡ.

ನೋಡಲು ಹೋಗುವಾಗ ನನ್ನ ಚೀಲದಲ್ಲಿ ಐದು ಸಾಮಾನು ಇರುತ್ತವೆ: ಸಣ್ಣ ಮ್ಯಾಗ್ನೆಟ್, ಅಡುಗೆಮನೆ ತೂಕದ ಯಂತ್ರ, ಭೂತಗನ್ನಡಿ, ಟಾರ್ಚ್, ಮತ್ತೆ ಮಂಡಿಪೇಟೆ ಅಂಗಡಿಗಳಲ್ಲಿ ಖೋಟಾ ನೋಟು ನೋಡಲು ಇಟ್ಟುಕೊಂಡಿರುತ್ತಾರಲ್ಲ, ಆ ನೀಲಿ ದೀಪ. ಎಲ್ಲ ಸೇರಿ ಸಾವಿರ ರೂಪಾಯಿ ದಾಟಲ್ಲ.

ನಮ್ಮ ಕಡೆ ಜಾಸ್ತಿ ಸಿಗುವುದು ತಟ್ಟೆಯಾಕಾರದ ಬ್ರಿಟಿಷ್ ಹೆಲ್ಮೆಟ್. ಇದರ ಮೂಲ ವಿನ್ಯಾಸಕ್ಕೆ 1915ರಲ್ಲಿ ಜಾನ್ ಬ್ರೋಡಿ ಪೇಟೆಂಟ್ ಪಡೆದ. ಅದಕ್ಕೇ ಬ್ರೋಡಿ ಅನ್ನುತ್ತಾರೆ. ಮೊದಲ ಯುದ್ಧದ್ದು ಮಾರ್ಕ್ 1. 1938ರಿಂದ ಬಂದದ್ದು ಮಾರ್ಕ್ 2. ನಮ್ಮ ದೇಶದ ಸೈನಿಕರು ಎರಡನೇ ಯುದ್ಧದಲ್ಲಿ ಹಾಕಿದ್ದು ಈ ಮಾರ್ಕ್ 2 ಮಾದರಿ. ಬ್ರಿಟನ್ನಿನಲ್ಲಿ ಮಾಡಿದ ಇವುಗಳ ಉಕ್ಕಿನಲ್ಲಿ ಮ್ಯಾಂಗನೀಸ್ ಸುಮಾರು 12 ಶೇಕಡಾ ಇರುತ್ತದೆ. ಆ ಉಕ್ಕಿಗೆ ಮ್ಯಾಗ್ನೆಟ್ ಕಚ್ಚಲ್ಲ. ಮೊದಲ ಸಲ ನೋಡಿದಾಗ ನನಗೇ ನಂಬಲು ಆಗಲಿಲ್ಲ, ಇಷ್ಟು ಗಟ್ಟಿ ಉಕ್ಕು, ಮ್ಯಾಗ್ನೆಟ್ ಜಾರಿ ಕೆಳಗೆ ಬೀಳುತ್ತದೆ! ಮಾರ್ಕ್ 1ರಲ್ಲಿ ಇನ್ನೂ ಒಂದು ಚಂದ ಇದೆ. ಬಟ್ಟಲಿಗೆ, ಅಂದ್ರೆ ಹೆಲ್ಮೆಟ್ಟಿನ ಉಕ್ಕಿನ ಮೈಗೆ, ಕಚ್ಚದ ಮ್ಯಾಗ್ನೆಟ್ ಅಂಚಿನ ಪಟ್ಟಿಗೆ ಕಚ್ಚುತ್ತದೆ, ಯಾಕಂದ್ರೆ ಪಟ್ಟಿ ಸಾದಾ ಉಕ್ಕಿನದು. ಮಾರ್ಕ್ 2ರ ಪಟ್ಟಿ ಸ್ಟೇನ್‌ಲೆಸ್, ಅದಕ್ಕೂ ಕಚ್ಚಲ್ಲ. ಇವತ್ತು ಸಿನಿಮಾ, ನಾಟಕ, ವೇಷಕ್ಕೆ ಅಂತ ಸಾದಾ ತಗಡಿನಲ್ಲಿ ಒತ್ತುವ ನಕಲಿಗಾದರೆ ಮ್ಯಾಗ್ನೆಟ್ ಟಕ್ ಅಂತ ಕಚ್ಚಿಕೊಳ್ಳುತ್ತದೆ.

ಆದರೆ ಮ್ಯಾಗ್ನೆಟ್ ಒಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಯುದ್ಧದ ಕಾಲದಲ್ಲಿ ಗುಂಡಿನ ಪರೀಕ್ಷೆಗೆ ನಿಲ್ಲದ ಕಡಿಮೆ ದರ್ಜೆ ಉಕ್ಕಿನವೂ ಬಂದವು, ಅವು ಅಸಲಿಯಾದರೂ ಮ್ಯಾಗ್ನೆಟ್ ಕಚ್ಚಬಹುದು. ಅವನ್ನು ಊರು ಕಾಯುವ ನಾಗರಿಕ ಪಡೆಗಳಿಗೆ ಕೊಟ್ಟರು. ಗುರುತಿಗೆ ಅಂಚಿನಲ್ಲಿ ಸಣ್ಣ ತೂತು ಕೊರೆದಿರುತ್ತಾರೆ. ಅದನ್ನೇ ತೋರಿಸಿ 'ಗುಂಡು ತಾಗಿದ ತೂತು ಸಾರ್' ಅಂದವರನ್ನು ನೋಡಿದ್ದೇನೆ. ಡ್ರಿಲ್ ತೂತು ದುಂಡಗೆ, ಒಳಗೆ ಬಣ್ಣ ಇಳಿದಿರುತ್ತದೆ. ಗುಂಡು ಹೋದರೆ ತಗಡು ಸೀಳಿ ಆಚೆಗೆ ಬಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮಾಡಿದವಕ್ಕೆ ಹಿಂದಿನ ಅಂಚಿನಲ್ಲಿ ಮೂರು ತೂತು ಇರುತ್ತವೆ. ಅದು ಆ ದೇಶದ ಗುರುತು, ದೋಷ ಅಲ್ಲ. ಇನ್ನು ಜರ್ಮನ್ ಹೆಲ್ಮೆಟ್ಟಿನ ಉಕ್ಕೇ ಬೇರೆ. ಅದು ಅಸಲಿಯಾದರೂ ಮ್ಯಾಗ್ನೆಟ್ ಕಚ್ಚುತ್ತದೆ.

ಅಮೆರಿಕದ ಎಂ1 ಹೆಲ್ಮೆಟ್ 1941ರಲ್ಲಿ ಬಂತು. ಅದಕ್ಕೂ ಮ್ಯಾಗ್ನೆಟ್ ಕಚ್ಚಬಾರದು. ಗದ್ದದ ಪಟ್ಟಿ ಸಿಕ್ಕಿಸುವ ಕೊಂಡಿ ಅಲುಗಾಡದೆ ಬಿಗಿಯಾಗಿದ್ದರೆ ಮೊದಲಿನದು. 1943ರ ನಂತರದ್ದರಲ್ಲಿ ಕೊಂಡಿ ಆಡುತ್ತದೆ. ಅಂಚಿನ ಪಟ್ಟಿಯ ಜೋಡಣೆ ಮೊದಲು ಹಣೆ ಕಡೆ ಇತ್ತು, 1944ರ ಕೊನೆಗೆ ಹಿಂದಕ್ಕೆ ಹೋಯಿತು. ಬಿಗಿ ಕೊಂಡಿ, ಮುಂದಿನ ಜೋಡಣೆ ಇದ್ದರೆ ಬೆಲೆ ಏರುತ್ತದೆ. ಯುದ್ಧ ಮುಗಿದ ಮೇಲೆ ಯುರೋಪಿನ ದೇಶಗಳು ಇದೇ ಆಕಾರದಲ್ಲಿ ಮಾಡಿಕೊಂಡವೂ ಇವೆ. ಅವನ್ನು ಅಮೆರಿಕದ್ದು ಅಂತ ಮಾರುತ್ತಾರೆ.

ತೂಕ ಬೇಗ ಮುಗಿಯುವ ಪರೀಕ್ಷೆ. ಬ್ರೋಡಿ ಸುಮಾರು 1.1 ಕೆ.ಜಿ., ಎಂ1 ಲೈನರ್ (ತಲೆಗೆ ಕೂರುವ ಒಳಭಾಗ) ಸೇರಿ ಸುಮಾರು 1.3 ಕೆ.ಜಿ. ನೂರು ಗ್ರಾಂ ಆಚೀಚೆ ಸಹಜ. ಅರ್ಧ ಕೆ.ಜಿ. ಆಚೀಚೆ ಇದ್ದರೆ ಎದ್ದು ಬನ್ನಿ. ತಗಡಿನ ದಪ್ಪ ಒಂದು ಮಿ.ಮೀ. ಆಸುಪಾಸು. ಉತ್ತರ ಭಾರತದ ವರ್ಕ್‌ಶಾಪುಗಳಲ್ಲಿ ಹಳೆ ಯುದ್ಧ ಆಡಿ ತೋರಿಸುವವರಿಗೆ, ಶೂಟಿಂಗ್‌ಗೆ ಅಂತ ಮಾಡುವ ಮಾಲು ಎಷ್ಟೋ ಸಲ ಇದಕ್ಕಿಂತ ದಪ್ಪ ಇರುತ್ತದೆ, ಇಲ್ಲವೇ ಡಬ್ಬದ ತಗಡಿನ ಹಾಗೆ ತೆಳು. ಅವರು ಅದನ್ನು ಹೊಸದು ಅಂತಲೇ ಮಾರುತ್ತಾರೆ, ಅದರಲ್ಲಿ ತಪ್ಪಿಲ್ಲ. ನಡುವೆ ಯಾರೋ ಕೊಂಡು, ಉಪ್ಪುನೀರು, ಆ್ಯಸಿಡ್ ಹಾಕಿ 'ಹಳೆಯದು' ಮಾಡುತ್ತಾರೆ. ತೊಂದರೆ ಅಲ್ಲಿ.

ಬಣ್ಣ, ತುಕ್ಕಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ನನ್ನ ಕಸುಬು.

ಎಂಬತ್ತು ವರ್ಷದ ಬಣ್ಣ ಒಂದೇ ಸಮ ಸವೆಯುವುದಿಲ್ಲ. ಹೆಲ್ಮೆಟ್ ಹಾಕಿದವನು ಅದನ್ನು ಯಾವಾಗಲೂ ಒಂದೇ ಕೈಯಲ್ಲಿ, ಒಂದೇ ಕಡೆ ಹಿಡಿದು ತೆಗೆಯುತ್ತಾನೆ. ಆ ಅಂಚು ಜಾಸ್ತಿ ಸವೆದು, ಹೊಳಪಾಗಿ, ಎಣ್ಣೆ ಹಿಡಿದ ಹಾಗೆ ಕಪ್ಪಾಗಿರುತ್ತದೆ. ನೆಲಕ್ಕೆ ಬೋರಲು ಇಟ್ಟ ಕಡೆ ಅಂಚಿನ ಕೆಳಮುಖ ಸವೆದಿರುತ್ತದೆ. ನೆತ್ತಿಯ ಮೇಲೆ, ಅಂಗಾತ ಇಟ್ಟಾಗ ನೆಲಕ್ಕೆ ತಾಗುವ ಜಾಗದಲ್ಲಿ, ರೂಪಾಯಿ ಅಗಲ ಬಣ್ಣ ಹೋಗಿರುತ್ತದೆ. ನಕಲಿಯಲ್ಲಿ ಸವೆತ ಎಲ್ಲ ಕಡೆ ಸಮ. ಚೆನ್ನಾಗಿ ಕಾಣೋ ಹಾಗೆ ಹಂಚಿರುತ್ತಾರೆ.

ಬಣ್ಣ ಚಕ್ಕೆ ಎದ್ದ ಜಾಗದ ಅಂಚಿಗೆ ಉಗುರು ಇಡಿ. ಅಸಲಿಯಲ್ಲಿ ಉಗುರು ಸಣ್ಣ ಮೆಟ್ಟಿಲಿಗೆ ತಡೆಯುತ್ತದೆ. ತುಕ್ಕು ಬಣ್ಣದ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆ ಎತ್ತಿರುತ್ತದೆ, ಹಪ್ಪಳದ ಅಂಚಿನ ಹಾಗೆ. ವಾಟರ್ ಪೇಪರಿನಲ್ಲಿ ಉಜ್ಜಿ ಹಳೆಯದು ಮಾಡಿದ್ದರೆ ಉಗುರು ಎಲ್ಲೂ ತಡೆಯಲ್ಲ, ಜಾರಿಬಿಡುತ್ತದೆ. ಭೂತಗನ್ನಡಿ ಹಿಡಿದರೆ ಒಂದೇ ದಿಕ್ಕಿನ ಸಣ್ಣ ಗೆರೆಗಳು ಕಾಣುತ್ತವೆ. ಆ ಗೆರೆ ನಾನು ದಿನಾ ಕಾರಿನ ಬಾಗಿಲ ಮೇಲೆ ನೋಡುತ್ತೇನೆ.

ತುಕ್ಕನ್ನು ಬೆರಳಿನಿಂದ ಒರೆಸಿ. ಆ್ಯಸಿಡ್ ತುಕ್ಕು ಕಿತ್ತಳೆ ಬಣ್ಣ, ಅರಿಶಿನದ ಪುಡಿಯ ಹಾಗೆ ಕೈಗೆ ಹತ್ತುತ್ತದೆ. ವರ್ಷಗಳ ತುಕ್ಕು ಕಂದು ದಾಟಿ ಕಪ್ಪಾಗಿ ಗಟ್ಟಿಯಾಗಿರುತ್ತದೆ, ಕೈಗೆ ಅಷ್ಟಾಗಿ ಬರಲ್ಲ, ಕೆಳಗೆ ಉಕ್ಕಿನಲ್ಲಿ ಗುಳಿ ಬಿದ್ದಿರುತ್ತದೆ. ಮತ್ತೆ ತುಕ್ಕು ಎಲ್ಲಿದೆ ಅಂತ ನೋಡಿ. ನೀರು ನಿಲ್ಲುವ ಜಾಗ, ಬೆವರು ತಾಗುವ ಜಾಗ, ಅಂಚಿನ ಪಟ್ಟಿಯ ಸಂದು, ರಿವೆಟ್ ಸುತ್ತ. ಮೇಲ್ಗಡೆ ಬಯಲಿನಲ್ಲಿ ತುಂಬಾ ತುಕ್ಕು, ಪಟ್ಟಿಯ ಸಂದಿನಲ್ಲಿ ಏನೂ ಇಲ್ಲ ಅಂದ್ರೆ ಹೇಗೆ ಸಾಧ್ಯ? ಯಾರೋ ಬ್ರಶ್ಶಿನಲ್ಲಿ ಹಚ್ಚಿದ್ದಾರೆ ಅಷ್ಟೇ.

ಅಚ್ಚುಗಳ ವಿಷಯ. ಮಾರ್ಕ್ 2ರ ಅಂಚಿನ ಕೆಳಗೆ ತಯಾರಕರ ಅಕ್ಷರ, ಹಲವು ಸಲ ಇಸವಿ ಇರುತ್ತದೆ. ಬಿಎಂಬಿ ಅಂದ್ರೆ ಬ್ರಿಗ್ಸ್ ಮೋಟಾರ್ ಬಾಡೀಸ್. ಕಾರಿನ ಬಾಡಿ ಒತ್ತುತ್ತಿದ್ದವರು ಯುದ್ಧ ಬಂದಾಗ ಹೆಲ್ಮೆಟ್ ಒತ್ತಿದರು. ನನ್ನಂಥ ಟಿಂಕರ್‌ಗೆ ಅದನ್ನು ಓದಿದಾಗ ಏನೋ ಖುಷಿ. ಜೆಎಸ್‌ಎಸ್ ಅಂದ್ರೆ ಜೋಸೆಫ್ ಸ್ಯಾಂಕಿ, ಎಚ್‌ಬಿಎಚ್ ಅಂದ್ರೆ ಹ್ಯಾರಿಸನ್ ಬ್ರದರ್ಸ್ ಆ್ಯಂಡ್ ಹೌಸನ್. ಅಕ್ಷರ ಯಾವುದು ಅನ್ನೋದಕ್ಕಿಂತ ಅಕ್ಷರದೊಳಗೆ ಏನಿದೆ ನೋಡಿ. ಕಾರ್ಖಾನೆಯಲ್ಲಿ ಅಚ್ಚು ಮೊದಲು, ಬಣ್ಣ ಆಮೇಲೆ. ಹಾಗಾಗಿ ಬಣ್ಣ ಅಕ್ಷರದ ಗುಳಿಗೆ ಇಳಿದಿರಬೇಕು. ಗುಳಿಯಲ್ಲಿ ಉಕ್ಕು ಹೊಳೆಯುತ್ತಿದ್ದು ಸುತ್ತಲೂ ಬಣ್ಣ ಬಿರಿದಿದ್ದರೆ ಅದು ಆಮೇಲೆ ಪಂಚ್ ಹೊಡೆದದ್ದು.

ಲೈನರ್ ಮೇಲೂ ಅಳತೆ, ಇಸವಿ ಇರುತ್ತದೆ. ಬಟ್ಟಲು, ಲೈನರ್, ಗದ್ದದ ಪಟ್ಟಿ ಮೂರೂ ಹತ್ತಿರದ ವರ್ಷಗಳದ್ದಾಗಿದ್ದರೆ ಒಳ್ಳೆಯದು. ಒಂದು ಅಪವಾದ ನೆನಪಿಡಿ. ಮೊದಲ ಯುದ್ಧದ ಬಟ್ಟಲುಗಳಿಗೆ ಎರಡನೇ ಯುದ್ಧದ ಮುಂಚೆ ಬ್ರಿಟಿಷ್ ಸೇನೆಯೇ ಹೊಸ ಲೈನರ್ ಹಾಕಿತು. ಅದನ್ನು ಮಾರ್ಕ್ 1 ಸ್ಟಾರ್ ಅನ್ನುತ್ತಾರೆ. ಬಟ್ಟಲು ಮೊದಲ ಯುದ್ಧದ್ದು, ಲೈನರ್ 1938ರದ್ದು ಅಂತ ಕಂಡರೆ ಸುಮ್ನೆ ನಕಲಿ ಅಂತ ಎಸೆಯಬೇಡಿ. ಅಂಥ ಒಂದನ್ನು ನಾನು ಹಾಗೆ ಬಿಟ್ಟು ಬಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ತಲೆಯ ಮೇಲೆ ಕೂಡುವ ಗುರುತಿನ (+) ಗೀರು ಇರುವ ಸ್ಕ್ರೂ ಕಂಡರೆ ಅನುಮಾನ ಪಡಲೇಬೇಕು. ನೆತ್ತಿಯ ಸ್ಕ್ರೂಗೆ ನೇರ ಗೀರು ಇರಬೇಕು.

ಈಗ ನೀಲಿ ದೀಪ. ಕತ್ತಲಲ್ಲಿ ಹೊಲಿಗೆ ದಾರ, ಪಟ್ಟಿ, ಅಂಟಿಗೆ ಹಿಡಿಯಿರಿ. ಈಚಿನ ದಾರ, ಬಟ್ಟೆಗೆ ಬೆಳ್ಳಗೆ ಕಾಣಲಿ ಅಂತ ಹಾಕುವ ರಾಸಾಯನಿಕ ಈ ಬೆಳಕಿಗೆ ಫಳಫಳ ಹೊಳೆಯುತ್ತದೆ. ಹಳೇ ಹತ್ತಿ ದಾರ ಮಂಕಾಗೇ ಇರುತ್ತದೆ. ಮನೆಯಲ್ಲಿ ಸೋಪಿನ ಪುಡಿಯಲ್ಲಿ ತೊಳೆದಿದ್ದರೂ ಹೊಳೆಯಬಹುದು, ಅದಕ್ಕೆ ಮಾರುವವರನ್ನು ಕೇಳಿ. ಲಾಂಛನಕ್ಕೆ ಭೂತಗನ್ನಡಿ ಸಾಕು. ಪ್ರಿಂಟರಿನ ಚುಕ್ಕೆ ಚುಕ್ಕೆ ಕಂಡರೆ ಅದು ಹೊಸ ಸ್ಟಿಕ್ಕರ್. ಜರ್ಮನ್ ಹೆಲ್ಮೆಟ್ಟಿನಲ್ಲಿ ಲಾಂಛನದಿಂದಲೇ ಬೆಲೆ ಹಲವು ಪಟ್ಟು ಆಗುತ್ತದೆ. ನಕಲಿಯವರ ಕೈಚಳಕವೂ ಅಲ್ಲೇ ಜಾಸ್ತಿ. ಹೊಸಬರು ಅದಕ್ಕೆ ಕೈ ಹಾಕಬೇಡಿ ಅಂತಲೇ ನಾನು ಹೇಳೋದು.

ಒಂದು ಎಚ್ಚರಿಕೆ. ಬ್ರೋಡಿ ಹೆಲ್ಮೆಟ್ಟುಗಳ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು ಅಂತ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ ಹೇಳಿದ್ದಾರೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳ ತಲೆಗೆ ಹಾಕಿಸುವುದನ್ನು ನಿಲ್ಲಿಸಿದರು. ಹಳೇ ಬಣ್ಣದಲ್ಲಿ ಸೀಸವೂ ಇರಬಹುದು. ಲೈನರ್ ಕೆರೆಯಬೇಡಿ, ಕೊಡವಬೇಡಿ, ಮೂಗಿನ ಹತ್ತಿರ ಹಿಡಿಯಬೇಡಿ. ಮಕ್ಕಳಿಗೆ ತೊಡಿಸಿ ಫೋಟೋ ತೆಗೆಯುವ ಆಸೆ ಬಿಡಿ.

ಚಿತ್ರದುರ್ಗದ ಕೋಟೆ ಪಕ್ಕದಲ್ಲೇ ಇರುವುದರಿಂದ ನಮಗೆ ಇನ್ನೊಂದು ಥರದ ಮಾಲೂ ಬರುತ್ತದೆ. ಮೇಲೆ ಮುಳ್ಳು, ಮೂಗಿಗೆ ಪಟ್ಟಿ, ಕೆಳಗೆ ಸರಪಳಿ ಜಾಲರಿ ಇರುವ ಉಕ್ಕಿನ ಟೋಪಿ. 'ಮದಕರಿ ನಾಯಕರ ಕಾಲದ್ದು' ಅನ್ನುತ್ತಾರೆ. ಹೈದರಾಲಿ ದುರ್ಗ ಹಿಡಿದದ್ದು 1779ರಲ್ಲಿ. ಅಂದ್ರೆ ಅದು ನಿಜವಾದರೆ 240 ವರ್ಷಕ್ಕೂ ಹಳೆಯದು. ಅಂಥದ್ದನ್ನು ಯಾರು ರಸ್ತೆ ಬದಿ 12,000ಕ್ಕೆ ಕೊಡುತ್ತಾರೆ ಹೇಳಿ? ಚಿನ್ನದ ಗೆರೆ ಕೆಲಸ ಇದ್ದರೆ ಭೂತಗನ್ನಡಿಯಲ್ಲಿ ನೋಡಿ. ಹಳೇ ಕೆಲಸದಲ್ಲಿ ಉಕ್ಕಿನ ಮೇಲೆ ಅಡ್ಡಾದಿಡ್ಡಿ ಸಣ್ಣ ಗೀರು ಹಾಕಿ, ಅದರ ಮೇಲೆ ಚಿನ್ನದ ತಂತಿ ಬಡಿದು ಕೂರಿಸುತ್ತಿದ್ದರು. ಚಿನ್ನ ಸವೆದ ಕಡೆ ಆ ಗೀರುಗಳು ಕಾಣುತ್ತವೆ. ನಕಲಿಯಲ್ಲಿ ಬರೀ ಆ್ಯಸಿಡ್ಡಿನಲ್ಲಿ ಕೊರೆದು ಬಣ್ಣ ತುಂಬಿರುತ್ತಾರೆ. ಜಾಲರಿಯ ಕೊಂಡಿಗೆ ರಿವೆಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ನಕಲಿ ಅನ್ನಬೇಡಿ, 19ನೇ ಶತಮಾನದ ಎಷ್ಟೋ ಅಸಲಿಗಳಲ್ಲೂ ರಿವೆಟ್ ಇಲ್ಲ.

ಇದರಲ್ಲಿ ಕಾನೂನೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಅವನ್ನು ದೇಶದಿಂದ ಆಚೆ ಕಳಿಸುವ ಹಾಗೇ ಇಲ್ಲ. ಮೊದಲ ಯುದ್ಧದ ಹೆಲ್ಮೆಟ್ಟಿಗೂ ಈಗ ನೂರು ದಾಟಿದೆ, ನೆನಪಿರಲಿ. ಹೊಲ ಉಳುವಾಗ ಸಿಕ್ಕಿತು, ಕೋಟೆ ಕಡೆ ಅಗೆದಾಗ ಸಿಕ್ಕಿತು ಅಂತ ಯಾರಾದರೂ ತಂದರೆ ಮುಟ್ಟಲೇಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರಿಂದಲೂ ಕಾಯ್ದೆ ಇದೆ. ಕೋಟೆಯಂತೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಇನ್ನೊಂದು ಮಾತು ಕೇಳಿಬರುತ್ತದೆ: 'ಹೈಫಾ ಯುದ್ಧದಲ್ಲಿ ಮೈಸೂರು ಲ್ಯಾನ್ಸರ್ ಹಾಕಿದ್ದ ಉಕ್ಕಿನ ಹೆಲ್ಮೆಟ್.' 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ನಮ್ಮ ಮೈಸೂರಿನ ಕುದುರೆ ಪಡೆ ಹೋರಾಡಿದ್ದು ನಿಜ, ಹೆಮ್ಮೆಯ ವಿಷಯ. ಆದರೆ ಆ ಪಡೆಯ ಫೋಟೋಗಳನ್ನು ನೋಡಿ, ತಲೆ ಮೇಲೆ ಪೇಟ ಇದೆ.

ಬೆಲೆಗೆ ಬರೋಣ. ಮಾರುವವರು ಕೇಳುವ ಬೆಲೆ ಬೆಲೆಯೇ ಅಲ್ಲ. ಮಾರಾಟವಾದ ಬೆಲೆ ನೋಡಿ. ಹರಾಜು ಸಂಸ್ಥೆಗಳು ಮುಗಿದ ಹರಾಜಿನ ಬೆಲೆ ಹಾಕಿರುತ್ತವೆ. ಅದೇ ಮಾದರಿಯ ಐದು ಮಾರಾಟ ಬರೆದುಕೊಳ್ಳಿ, ಅತಿ ಜಾಸ್ತಿಯದು, ಅತಿ ಕಡಿಮೆಯದು ಬಿಟ್ಟು ಉಳಿದ ಮೂರರ ಸರಾಸರಿ ಹಿಡಿಯಿರಿ. ಹೊರದೇಶದಿಂದ ತರಿಸುವುದಾದರೆ ಹರಾಜಿನವರ ಕಮಿಷನ್, ಸಾಗಣೆ, ಕಸ್ಟಮ್ಸ್ ಸುಂಕ ಮೇಲೆ ಬೀಳುತ್ತದೆ, ಮೊದಲೇ ಕೂಡಿಸಿಕೊಳ್ಳಿ.

ಆಮೇಲೆ ನನ್ನ ಹತ್ತು ರೂಪಾಯಿ ಲೆಕ್ಕ. ಮೂಲ ಬಣ್ಣ, ಲೈನರ್, ಪಟ್ಟಿ ಎಲ್ಲ ಸರಿ ಇರುವ ಹೆಲ್ಮೆಟ್ಟಿಗೆ ಹತ್ತು ರೂಪಾಯಿ ಅಂದುಕೊಳ್ಳಿ. ಲೈನರ್ ಇಲ್ಲವೇ, ನಾಲ್ಕು ಕಳೆಯಿರಿ. ಮೇಲೆ ಹೊಸ ಬಣ್ಣ ಹೊಡೆದಿದ್ದರೆ ಮೂರು. ಗದ್ದದ ಪಟ್ಟಿ ಇಲ್ಲದಿದ್ದರೆ ಒಂದು. ಉಕ್ಕು ಬಿರಿದಿದ್ದರೆ ಉಳಿದದ್ದರಲ್ಲಿ ಅರ್ಧ. ಹುಬ್ಬಳ್ಳಿಯಲ್ಲಿ ಒಬ್ಬರು ಮಾರ್ಕ್ 2ಕ್ಕೆ 9,000 ಕೇಳಿದರು. ನಾನು ಬರೆದಿಟ್ಟುಕೊಂಡ ಪ್ರಕಾರ ಪೂರ್ತಿ ಇದ್ದರೆ 7,000. ಬಣ್ಣ ಹೊಸದು, 2,100 ಕಳೆದೆ. ಪಟ್ಟಿ ಇಲ್ಲ, 700 ಕಳೆದೆ. ಉಳಿದದ್ದು 4,200. ಲೆಕ್ಕವನ್ನು ಅವರ ಮುಂದೆಯೇ ಚೀಟಿಯಲ್ಲಿ ಬರೆದು ತೋರಿಸಿದೆ. 4,500ಕ್ಕೆ ಮುಗಿಯಿತು. ಜಗಳ ಇಲ್ಲ, ಚಹಾ ಕುಡಿದು ಬಂದೆ. ಕಥೆಗೆ ಮಾತ್ರ ನಾನು ಒಂದು ರೂಪಾಯಿಯನ್ನೂ ಕೂಡಿಸುವುದಿಲ್ಲ. ಸೈನಿಕನ ಹೆಸರು, ನಂಬರ್ ಒಳಗೆ ಬರೆದಿದ್ದು, ಅದೇ ಹೆಸರಿನ ಡಿಸ್‌ಚಾರ್ಜ್ ಪತ್ರವೋ ಫೋಟೋವೋ ಮನೆಯವರ ಹತ್ತಿರ ಇದ್ದರೆ ಆಗ ಜಾಸ್ತಿ ಕೊಡುತ್ತೇನೆ.

ಇದೇ ಲೆಕ್ಕ ಮಾರುವವರ ಕಡೆಗೂ ನಡೆಯಬೇಕು. 2021ರಲ್ಲಿ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಟ್ರ್ಯಾಕ್ಟರ್ ಬಾನೆಟ್ ನೋಡಲು ಹೋಗಿದ್ದೆ. ಅಂಗಳದಲ್ಲಿ ಕೋಳಿಗಳು ಮಾರ್ಕ್ 2ರಲ್ಲಿ ನೀರು ಕುಡಿಯುತ್ತಿದ್ದವು. ಮ್ಯಾಗ್ನೆಟ್ ಕಚ್ಚಲಿಲ್ಲ. ಅಂಚಿನ ಕೆಳಗೆ ಮಣ್ಣು ಒರೆಸಿದರೆ 1942. ಲೈನರ್ ಇಲ್ಲ, ಪಟ್ಟಿ ಇಲ್ಲ, ಒಳಗೆಲ್ಲ ಸುಣ್ಣದ ಕಲೆ. ಹೊರಗೆ ಮೂಲ ಬಣ್ಣ. ಅಜ್ಜಿಯನ್ನು ಕೇಳಿದೆ.

'ನಮ್ಮ ಮಾವಂದು. ತಗಂಡು ಹೋಗಪ್ಪ, ಇನ್ನೂರು ಕೊಡು ಸಾಕು' ಅಂದರು. ಗುಜರಿಯವನು ಮೂವತ್ತು ರೂಪಾಯಿ ಅಂದಿದ್ದನಂತೆ.

'ಅಜ್ಜಿ, ಇದು ಇನ್ನೂರರ ಸಾಮಾನಲ್ಲ' ಅಂತ ಕಟ್ಟೆ ಮೇಲೆ ಕೂತು ಲೆಕ್ಕ ಹೇಳಿದೆ. ಏಳು ಸಾವಿರದಲ್ಲಿ ಲೈನರಿಗೆ 2,800, ಪಟ್ಟಿಗೆ 700 ಹೋಯಿತು. 3,500 ಎಣಿಸಿ ಕೊಟ್ಟೆ. ಮೊಮ್ಮಗನನ್ನು ಕರೆದು, ಅಜ್ಜಿಯ ಆ ಮಾವನ ಹೆಸರು, ಊರು, ಸೇನೆಗೆ ಸೇರಿದ ವರ್ಷ ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಕೋಳಿಗೆ ನೀರಿಡಲು ಸಂತೆಯಿಂದ ಒಂದು ಪ್ಲಾಸ್ಟಿಕ್ ಬೋಗುಣಿ ತಂದುಕೊಟ್ಟೆ.

ಮನೆಗೆ ತಂದ ಮೇಲೆ ಉಜ್ಜಲು ಹೋಗಬೇಡಿ. ಬಫಿಂಗ್, ಪಾಲಿಶ್, ಹೊಸ ಪೇಂಟ್ ಯಾವುದೂ ಬೇಡ. ಮೂಲ ಬಣ್ಣ ಹೋದರೆ ಹತ್ತರಲ್ಲಿ ಮೂರು ನೀವೇ ಕಳೆದ ಹಾಗೆ. ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ಒಣಗಿಸಿ, ಬರಿ ಉಕ್ಕು ಕಾಣುವ ಕಡೆ ಹೊಲಿಗೆ ಮಷೀನಿನ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಚರ್ಮಕ್ಕೆ ಎಣ್ಣೆ ತಾಗಿಸಬೇಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೆವರಿ ತುಕ್ಕು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿ ಆಡುವ ಕಡೆ ಇಡಿ. ಹೊಳಲ್ಕೆರೆಯ ಹೆಲ್ಮೆಟ್ಟಿನ ಸುಣ್ಣದ ಕಲೆಯನ್ನು ನಾನು ತೆಗೆದಿಲ್ಲ. ಆ ಹಾಳೆಯನ್ನು ಮಡಚಿ ಅದರೊಳಗೇ ಇಟ್ಟಿದ್ದೇನೆ.